ಒಂದನೇ ನಂಬರಿನ ಲೈಸೆನ್ಸ್

1993ರ ನವೆಂಬರ್ ಕೊನೆಯಲ್ಲಿ ಜೆ.ಆರ್.ಡಿ. ಟಾಟಾ ಜಿನೀವಾದಲ್ಲಿ ತೀರಿಕೊಂಡರು. ನಾನಾಗ ಒಂಬತ್ತನೇ ತರಗತಿ. ಪ್ರಾರ್ಥನೆಯ ವೇಳೆ ಪತ್ರಿಕೆಯ ಸುದ್ದಿ ಓದುವ ಸರದಿ ಅಂದು ನನ್ನದಾಗಿತ್ತು. ಟಾಟಾ ಎಂದರೆ ನಮಗೆ ಐವಾನ್-ಎ-ಶಾಹಿ ಕಡೆ ಓಡಾಡುವ ಲಾರಿ, ಕಿರಾಣಿ ಅಂಗಡಿಯ ಉಪ್ಪು, ಅಷ್ಟೆ. ಆ ಮನುಷ್ಯ ಸ್ವತಃ ವಿಮಾನ ಹಾರಿಸುತ್ತಿದ್ದರೆಂದು ಗೊತ್ತಾದದ್ದು ಅಂದೇ.

ಈಗ ನಾನು ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2019ರ ನವೆಂಬರ್ 22ರಂದು ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಆಮೇಲೆ ಪೈಲಟ್ ತರಬೇತಿ ಶಾಲೆಗಳೂ ಬಂದವು. ಕನ್ನಡ ಮಾಧ್ಯಮದಲ್ಲಿ ಓದಿದವರು ಪೈಲಟ್ ಆಗಬಹುದೇ ಎಂದು ಮಕ್ಕಳು ಕೇಳುತ್ತಾರೆ. ಆಗ ನಾನು ಜೆ.ಆರ್.ಡಿ.ಯವರಿಂದಲೇ ಶುರುಮಾಡುತ್ತೇನೆ.

ಅವರು ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸಿನಲ್ಲಿ. ತಾಯಿ ಫ್ರೆಂಚ್ ಹೆಣ್ಣುಮಗಳು. ಇಂಗ್ಲಿಷ್ ಕಾಲುವೆಯನ್ನು 1909ರಲ್ಲಿ ಮೊದಲು ವಿಮಾನದಲ್ಲಿ ದಾಟಿದ ಬ್ಲೆರಿಯೊ, ರಜೆಯಲ್ಲಿ ಇವರ ಮನೆಯವರು ಹೋಗುತ್ತಿದ್ದ ಸಮುದ್ರತೀರದಲ್ಲೇ ಮನೆ ಮಾಡಿದ್ದ. ಹುಡುಗನಿಗೆ ಹುಚ್ಚು ಹತ್ತಿದ್ದು ಅಲ್ಲಿ. ಕೇಂಬ್ರಿಜ್‌ನಲ್ಲಿ ಓದುವ ಆಸೆಯಿತ್ತು, ಆದರೆ ತಂದೆ ಕರೆಸಿಕೊಂಡು ಕಂಪನಿಯ ಕೆಲಸಕ್ಕೆ ಹಚ್ಚಿದರು. ಪದವಿ ಇಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. ಕೊರತೆಯನ್ನು ಓದಿ ಓದಿ ತುಂಬಿಕೊಂಡರು.

ಬೊಂಬಾಯಿಯಲ್ಲಿ ಫ್ಲೈಯಿಂಗ್ ಕ್ಲಬ್ ಶುರುವಾದೊಡನೆ ಸೇರಿದರು. ಕೆಲವೇ ಗಂಟೆ ಕಲಿತು ಒಬ್ಬರೇ ಹಾರಿದರು. 1929ರ ಫೆಬ್ರವರಿ 10ರಂದು ಕೈಗೆ ಬಂದ ಲೈಸೆನ್ಸಿನ ಮೇಲೆ ಇದ್ದ ಸಂಖ್ಯೆ 1. ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಅದು.

ಮರುವರ್ಷ ಆಗಾ ಖಾನ್ ಬಹುಮಾನದ ಸ್ಪರ್ಧೆ. ಭಾರತ ಮತ್ತು ಇಂಗ್ಲೆಂಡಿನ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್. ಜೆ.ಆರ್.ಡಿ. ಕರಾಚಿಯಿಂದ ಹೊರಟರೆ, ಹದಿನೇಳರ ಹುಡುಗ ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಹೊರಟಿದ್ದ. ಈಜಿಪ್ಟಿನ ಅಬೂಕೀರ್‌ನಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದ. ಇವರು ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ ಕೊಟ್ಟುಬಿಟ್ಟರು. ಆಸ್ಪಿ ಮೊದಲು ಮುಟ್ಟಿ ಗೆದ್ದ. ಇಲ್ಲಿಗೆ ಬಂದಾಗ ಪ್ರತಿವರ್ಷ ಒಬ್ಬಿಬ್ಬರು ಮಕ್ಕಳು ಕೊಡಬಾರದಿತ್ತು ಸಾರ್ ಅನ್ನುತ್ತಾರೆ. ನಾನು ವಾದಿಸುವುದಿಲ್ಲ. ಆ ಆಸ್ಪಿಯೇ ಮುಂದೆ ನಮ್ಮ ವಾಯುಸೇನೆಯ ಮುಖ್ಯಸ್ಥರಾದರು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಒಂದೇ ಇಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಂಚೆ ಚೀಲ ಹೊತ್ತು ಬಂದರು. ರೇಡಿಯೊ ಇಲ್ಲ. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಜುಹುವಿನ ಮಣ್ಣಿನ ಬಯಲಿಗೆ ಇಳಿದ ಅಂಚೆಯನ್ನು ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲಿಂದ ಮದರಾಸಿಗೆ ಒಯ್ದರು. ದೇಶದ ಮೊದಲ ವಿಮಾನ ಸೇವೆಗಳ ನಕ್ಷೆಯಲ್ಲಿ ನಮ್ಮ ಕಡೆಯ ಊರೊಂದು ಇತ್ತೆಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಆ ಸೇವೆ 1946ರಲ್ಲಿ ಏರ್ ಇಂಡಿಯಾ ಆಯಿತು, 1953ರಲ್ಲಿ ಸರ್ಕಾರದ ವಶಕ್ಕೆ ಹೋಯಿತು. ಅದಾದ ಮೇಲೂ ಅವರೇ ಅಧ್ಯಕ್ಷರು. ಚಹಾದ ಬಣ್ಣ, ಪರದೆಯ ಕೊಳೆ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದರಂತೆ. 1978ರಲ್ಲಿ ಸರ್ಕಾರ ಅವರನ್ನು ಆ ಸ್ಥಾನದಿಂದ ಇಳಿಸಿತು. ನಾಲ್ಕು ವರ್ಷದ ಬಳಿಕ, ಐವತ್ತನೇ ವರ್ಷದ ನೆನಪಿಗೆ, 78ರ ವಯಸ್ಸಿನಲ್ಲಿ ಕರಾಚಿಯಿಂದ ಮುಂಬಯಿಗೆ ಹಳೆಯ ಮಾದರಿಯ ಪುಟ್ಟ ವಿಮಾನವನ್ನು ಮತ್ತೆ ಹಾರಿಸಿಕೊಂಡು ಬಂದರು. 1992ರಲ್ಲಿ ಭಾರತರತ್ನ ಬಂತು.

ಇಂದು ಅಷ್ಟು ಗಂಟೆಗಳ ಕಲಿಕೆ ಸಾಲದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ದುಡ್ಡು ಕಟ್ಟುವ ಮೊದಲೇ ಇದನ್ನು ಮಾಡಿಸಿಕೊಳ್ಳಿ. ಹವಾಮಾನ, ದಿಕ್ಕು ಕಂಡುಹಿಡಿಯುವ ವಿದ್ಯೆ, ವಾಯುಯಾನದ ಕಾಯ್ದೆ ಇವುಗಳ ಪರೀಕ್ಷೆ ಇಂಗ್ಲಿಷಿನಲ್ಲಿ. 200 ಗಂಟೆ ಹಾರಾಟವಾಗಬೇಕು, 18 ತುಂಬಿರಬೇಕು. ಖರ್ಚು ಹತ್ತಾರು ಲಕ್ಷ. ಜೆ.ಆರ್.ಡಿ.ಯವರಿಗೆ ಆ ಚಿಂತೆ ಇರಲಿಲ್ಲ, ನಮ್ಮ ಮಕ್ಕಳಿಗೆ ಇದೆ. ನಾನು ಓದುವಾಗ ಇದನ್ನೆಲ್ಲ ಹೇಳುವವರೂ ಇರಲಿಲ್ಲ.

ಕಮಲಾಪುರದ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ವೈದ್ಯಕೀಯ ಪರೀಕ್ಷೆ ಪಾಸಾಗಿದ್ದಾಳೆ. ಅವಳ ತಂದೆ ಕೆಂಪು ಬಾಳೆ ಬೆಳೆಯುವವರು, ಬ್ಯಾಂಕಿನ ಸಾಲಕ್ಕೆ ಓಡಾಡುತ್ತಿದ್ದಾರೆ. ಅರ್ಜಿ ತುಂಬಲು ಬರುವ ಭಾನುವಾರ ಇಬ್ಬರೂ ನಮ್ಮ ಮನೆಗೆ ಬರುತ್ತಾರೆ.