ಚೆಂಡಿಗಿಲ್ಲದ ಮೈಲಿಗೆ

ಸಂಜೆಯಾಯಿತೆಂದರೆ ಕೋಣಂದೂರಿನಂಥ ನಮ್ಮ ಮಲೆನಾಡಿನ ಊರುಗಳಲ್ಲಿಯೂ ಹುಡುಗರು ದಾಂಡು ಚೆಂಡುಗಳೊಡನೆ ಬಯಲಿಗಿಳಿಯುತ್ತಾರೆ. ಇಂದಿನ ಆಟಗಾರರ ಹೆಸರುಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಭಾರತದ ಮೊದಲ ಹಿರಿಯ ಬೌಲರೊಬ್ಬರು ಧಾರವಾಡದಲ್ಲಿ ಜನಿಸಿದವರೆಂಬುದನ್ನು ಬಲ್ಲವರು ವಿರಳ. ಅವರೇ ಪಾಲ್ವಂಕರ್ ಬಾಲೂ.

ಬಾಲೂ ಹುಟ್ಟಿದ್ದು 1876ರಲ್ಲಿ, ಅಸ್ಪೃಶ್ಯವೆನಿಸಿದ್ದ ಚರ್ಮಕಾರ ಕುಟುಂಬದಲ್ಲಿ. ತಂದೆಗೆ ಸೈನ್ಯದಲ್ಲಿ ಕೆಲಸ. ಅದರಿಂದಾಗಿ ಬಾಲ್ಯ ಪುಣೆಯಲ್ಲಿ ಕಳೆಯಿತು. ಸೈನಿಕರು ಆಡಿ ಬಿಟ್ಟ ಸಾಮಗ್ರಿಗಳಲ್ಲಿಯೇ ಬಾಲೂ ಮತ್ತು ತಮ್ಮಂದಿರು ಕ್ರಿಕೆಟ್ ಕಲಿತರು. ಪಾರ್ಸಿಗಳ ಕ್ಲಬ್ಬಿನಲ್ಲಿ ಅಂಗಳ ಗುಡಿಸಿ ಹದಗೊಳಿಸುವ ಕೆಲಸ ಬಾಲೂ ಅವರಿಗೆ ದೊರೆಯಿತು. ಸಂಬಳ ತಿಂಗಳಿಗೆ 3 ರೂಪಾಯಿ. ಮುಂದೆ ಯೂರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿಯಾಯಿತು. ಅಲ್ಲಿ ಗ್ರೇಗ್ ಎಂಬ ಪ್ರಸಿದ್ಧ ಬ್ಯಾಟುಗಾರನ ಅಭ್ಯಾಸಕ್ಕಾಗಿ ದಿನವೂ ಗಂಟೆಗಟ್ಟಲೆ ಚೆಂಡೆಸೆದರು. ಎಡಗೈಯ ನಿಧಾನಗತಿಯ ತಿರುವು ಚೆಂಡು ಹೀಗೆ ಸಿದ್ಧಿಸಿತು. ಆದರೆ ದಾಂಡು ಹಿಡಿಯುವ ಅವಕಾಶ ಆ ಕ್ಲಬ್ಬಿನಲ್ಲಿ ಅವರಿಗೆ ಸಿಗಲಿಲ್ಲ.

ಈ ಕೀರ್ತಿ ಪುಣೆಯ ಹಿಂದೂ ತಂಡದ ಕಿವಿಗೂ ಬಿತ್ತು. ಯೂರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲವೊಂದು ಕಡೆ, ಜಾತಿಯ ಕಟ್ಟು ಇನ್ನೊಂದು ಕಡೆ. ಕಡೆಗೆ ಹಂಬಲವೇ ಗೆದ್ದಿತು. ಬಾಲೂ ತಂಡಕ್ಕೆ ಬಂದರು. ಆದರೆ ಕಟ್ಟು ಸಡಿಲಲಿಲ್ಲ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಯಲ್ಲಿ ಮಾತ್ರ ಅವರು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. ಮೈಲಿಗೆಯೆಂಬುದು ಚೆಂಡಿಗಿಲ್ಲದೆ ಬಟ್ಟಲಿಗೆ ಮಾತ್ರ ತಗಲುವುದಾದರೆ ಅದೆಂಥ ಧರ್ಮ? ನ್ಯಾಯಮೂರ್ತಿ ರಾನಡೆಯವರು ಕೂಡ, ಜೊತೆಯಲ್ಲಿ ಆಡಬಲ್ಲವರು ಜೊತೆಯಲ್ಲಿ ಉಣ್ಣಲಾರರೇಕೆ ಎಂದು ಕೇಳಿದರಂತೆ.

ಮುಂದೆ ಬಾಲೂ ಮುಂಬಯಿಗೆ ಬಂದರು. 1906ರಲ್ಲಿ ಹಿಂದೂ ತಂಡವು ಯೂರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆ ಜಯದಲ್ಲಿ ಅವರ ಬೌಲಿಂಗಿನ ಪಾಲು ಹಿರಿದು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು. ಆದರೂ ಮೂವತ್ತೈದರ ಬಾಲೂ ಆ ಪ್ರವಾಸದಲ್ಲಿ ಒಟ್ಟು 114 ವಿಕೆಟ್ಟು ಕಿತ್ತರು. ಯುವಕ ಅಂಬೇಡ್ಕರರ ಪಾಲಿಗೆ ಆಗ ಅವರು ಆದರ್ಶ ಪುರುಷ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1920ರಲ್ಲಿ ಬಾಲೂ ಅವರನ್ನು ಕೈಬಿಟ್ಟು, ತಮ್ಮ ವಿಠಲರ ಅರ್ಹತೆಯನ್ನೂ ಕಡೆಗಣಿಸಿದಾಗ ವಿಠಲ, ಶಿವರಾಮರಿಬ್ಬರೂ ಆಡಲು ನಿರಾಕರಿಸಿ ಬಹಿರಂಗವಾಗಿ ಪ್ರತಿಭಟಿಸಿದರು. ಆಡಳಿತದವರು ಬಗ್ಗಲೇಬೇಕಾಯಿತು. ಮುಂದಿನ ಪಂದ್ಯಕ್ಕೆ ಬಾಲೂ ಉಪನಾಯಕರಾದರು. ನಾಯಕ ಪೈ ಅವರು ತಾವಾಗಿ ಮೈದಾನದಿಂದ ಹೊರನಡೆದು ಕೆಲಹೊತ್ತು ಅವರೇ ತಂಡವನ್ನು ನಡೆಸುವಂತೆ ಮಾಡಿದರು. ಅಣ್ಣನಿಗೆ ಗಳಿಗೆಯ ಮಟ್ಟಿಗೆ ದೊರೆತದ್ದು ತಮ್ಮನಿಗೆ ಪೂರ್ಣವಾಗಿ ದೊರೆಯಿತು: 1923ರಲ್ಲಿ ವಿಠಲರು ನಾಯಕರಾದರು, ತಂಡ ಗೆದ್ದಿತು.

ಆಟ ಬಿಟ್ಟ ಮೇಲೆ ಬಾಲೂ ರಾಜಕೀಯಕ್ಕಿಳಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಲೂ ಅವರಿಗೆ 11,225. ಒಂದೇ ನೋವನ್ನು ಉಂಡ ಇಬ್ಬರು ಎದುರುಬದುರಾಗಿ ನಿಲ್ಲಬೇಕಾಗಿ ಬಂದದ್ದು ಕಾಲದ ವಿಪರ್ಯಾಸವೇ ಸರಿ.

1955ರ ಜುಲೈಯಲ್ಲಿ ಬಾಲೂ ಮುಂಬಯಿಯಲ್ಲಿ ತೀರಿಕೊಂಡರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟುಗಳೆಂದು ದಾಖಲೆ ಹೇಳುತ್ತದೆ. ಆದರೆ ಆ ಮಣ್ಣಿನ ಕುಡಿಕೆಯ ಲೆಕ್ಕ ಯಾವ ದಾಖಲೆಯ ಪುಸ್ತಕದಲ್ಲಿಯೂ ಇಲ್ಲ. ಅದನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಮಕ್ಕಳಿಗೆ ಹೇಳುವ ಹೊಣೆ ನಮ್ಮದು.