ಸುರಪುರದ ರಾಜಾ ವೆಂಕಟಪ್ಪ ನಾಯಕರು

ನಮ್ಮ ಲಿಂಗಸುಗೂರಿನ ನೆರೆಯ ಸುರಪುರದ ಬೇಡ ಅರಸುಮನೆತನದಲ್ಲಿ ಜನಿಸಿದ ವೆಂಕಟಪ್ಪ ನಾಯಕರು 1842ರಲ್ಲಿ, ಎಳೆಯ ವಯಸ್ಸಿನಲ್ಲಿಯೇ, ತಂದೆ ಕೃಷ್ಣಪ್ಪ ನಾಯಕರನ್ನು ಕಳೆದುಕೊಂಡರು. ತಾಯಿ ಈಶ್ವರಮ್ಮನವರ ಅಂತಃಪುರದಲ್ಲಿ ಬೆಳೆದ ಬಾಲಕನಿಗೆ ಆಂಗ್ಲ ಅಧಿಕಾರಿ ಮೆಡೋಸ್ ಟೇಲರರು ಪೋಷಕರಾದರು. ಬಾಲಕನು ಅವರನ್ನು ಅಪ್ಪನೆಂದೇ ಕರೆಯುತ್ತಿದ್ದನು. 1853ರಲ್ಲಿ ರಾಜ್ಯಭಾರವು ಅವರ ಕೈಸೇರಿತು.

1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನಿಂದ ಬಂದ ಆಂಗ್ಲ ಪಡೆಯೊಡನೆ ನಾಯಕರ ಜನರು ಕಾದಾಡಿದರು. ನಾಯಕರು ಹೈದರಾಬಾದಿನಲ್ಲಿ ಸೆರೆಯಾದರು. ಸೆರೆಮನೆಗೆ ಬಂದ ಟೇಲರರನ್ನು ಕಂಡು ಅಪ್ಪಿಕೊಂಡು ಕಣ್ಣೀರಿಟ್ಟರು. ಆದರೂ ಆ ಸಾಕುತಂದೆಯ ಎದುರಿನಲ್ಲಿಯೂ ಸಹಚರರ ಹೆಸರುಗಳನ್ನು ಹೇಳಲಿಲ್ಲ. ಮರಣದಂಡನೆಯು ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿಯೇ ಗುಂಡೇಟಿನಿಂದ ತೀರಿಕೊಂಡರು.

ಸಾಕಿದವರ ಮಮತೆ, ಹುಟ್ಟಿದ ಮನೆತನದ ಅಭಿಮಾನ ಎರಡೂ ಅವರಲ್ಲಿ ಕಡೆಯವರೆಗೆ ಉಳಿದವು. ತಂದೆತಾಯಿಗಳೇ, ಬಾಲ್ಯದಲ್ಲಿ ಬಿತ್ತಿದ್ದು ಸಂಕಟದ ಗಳಿಗೆಯಲ್ಲಿ ಹೊರತೋರುವುದು.