ಕಮ್ಮಾರಸಾಲೆಯ ಚರ್ಚು
(ರಿಚರ್ಡ್ ಅಲೆನ್ನನ ಜೀವನ ಕಥೆ)

ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ನಮಗೆ ಫಿಲಡೆಲ್ಫಿಯಾ ಎಂದೊಡನೆ 1776ರ ಸ್ವಾತಂತ್ರ್ಯ ಘೋಷಣೆಯೂ 1787ರ ರಾಜ್ಯಾಂಗ ಸಮ್ಮೇಳನವೂ ನೆನಪಿಗೆ ಬರುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಸಮ್ಮೇಳನ ಸೇರುವುದಕ್ಕೆ ಒಂದು ತಿಂಗಳು ಮೊದಲು, ಅದೇ ಊರಿನಲ್ಲಿ, ಗುಲಾಮಗಿರಿಯಿಂದ ಹೊರಬಂದಿದ್ದ ಕೆಲವರು ಕೂಡಿ ತಮ್ಮದೇ ಒಂದು ಸಂಘವನ್ನು ಕಟ್ಟಿದರೆಂಬುದನ್ನು ನಾನು ತಿಳಿದದ್ದು ಪಠ್ಯಪುಸ್ತಕದಿಂದಲ್ಲ, ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ. ಆ ಸಂಘದ ಮುಖಂಡರಲ್ಲೊಬ್ಬನಾದ ರಿಚರ್ಡ್ ಅಲೆನ್ನನ ಕಥೆಯನ್ನು ಸಹಪಾಠಿಗಳ ಮುಂದಿಡಬೇಕೆನಿಸಿತು. ನಾನು ಕ್ರೈಸ್ತನಲ್ಲ, ಆ ಮತದ ತತ್ತ್ವವಿಚಾರ ಮಾಡುವ ಅಧಿಕಾರ ನನಗಿಲ್ಲ. ಪಟ್ಟಣವೊಂದರ ಬಡಜನರು ತಮ್ಮ ದೇವಮಂದಿರವನ್ನು ಹೇಗೆ ಕಟ್ಟಿದರು, ಅದಕ್ಕಿಂತಲೂ ಮುಖ್ಯವಾಗಿ, ಅದನ್ನು ಹೇಗೆ ಕೈಬಿಡದೆ ಉಳಿಸಿಕೊಂಡರು ಎಂಬಷ್ಟನ್ನೇ ಹೇಳುತ್ತೇನೆ.

ಅಲೆನ್ನನು ಹುಟ್ಟಿದ್ದು 1760ರ ಫೆಬ್ರವರಿ 14ರಂದು, ಹುಟ್ಟಿನಿಂದಲೇ ಗುಲಾಮ. ಅವನ ಮನೆಯವರೆಲ್ಲರ ಒಡೆಯ ಬೆಂಜಮಿನ್ ಚ್ಯೂ ಎಂಬ ಹೆಸರಾಂತ ವಕೀಲ. ಹುಡುಗ ಚಿಕ್ಕವನಿದ್ದಾಗಲೇ ಚ್ಯೂ ಆ ಸಂಸಾರವನ್ನು ಡೆಲವೇರ್ ಪ್ರಾಂತದ ಸ್ಟೋಕ್ಲಿ ಸ್ಟರ್ಜಿಸ್ ಎಂಬ ರೈತನಿಗೆ ಮಾರಿದನು. ಸ್ಟರ್ಜಿಸ್ ಕ್ರೂರಿಯಲ್ಲ, ಗುಲಾಮರನ್ನು ಕರುಣೆಯಿಂದಲೇ ನೋಡಿಕೊಂಡನೆಂದು ಅಲೆನ್ನನೇ ಬರೆದಿಟ್ಟಿದ್ದಾನೆ. ಆದರೆ ಸಾಲ ಕುತ್ತಿಗೆಗೆ ಬಂದಾಗ ಆ ಕರುಣಾಳು ಅಲೆನ್ನನ ತಾಯಿಯನ್ನೂ ಮೂವರು ಮಕ್ಕಳನ್ನೂ ಮಾರಿಬಿಟ್ಟನು. ಒಳ್ಳೆಯ ಒಡೆಯನ ಒಳ್ಳೆಯತನಕ್ಕೆ ಇರುವ ಮಿತಿ ಇಷ್ಟು!

ಹದಿನೇಳರ ಸುಮಾರಿನಲ್ಲಿ ಅಲೆನ್ನನು ಮೆಥಡಿಸ್ಟ್ ಪಂಥಕ್ಕೆ ಸೇರಿದನು. ಇಂಗ್ಲೆಂಡಿನ ಜಾನ್ ವೆಸ್ಲಿಯಿಂದ ಹೊರಟ ಈ ಪಂಥದ ಉಪದೇಶಕರು ಕುದುರೆಯೇರಿ ಊರೂರು ಸುತ್ತುತ್ತಾ, ಓದುಬರಹ ತಿಳಿಯದವರಿಗೂ ಅರ್ಥವಾಗುವಂತೆ ಮಾತನಾಡುತ್ತಿದ್ದರು. ಗುಲಾಮಗಿರಿ ಪಾಪವೆಂದು ಸಾರಿದವರೂ ಅವರಲ್ಲಿದ್ದರು. ಅಂಥವರಲ್ಲೊಬ್ಬನಾದ ಫ್ರೀಬಾರ್ನ್ ಗ್ಯಾರೆಟ್‌ಸನ್ ಸ್ಟರ್ಜಿಸನ ಮನೆಯಲ್ಲೇ ಉಪದೇಶ ಮಾಡಿದನು. ಅದನ್ನು ಕೇಳಿದ ಒಡೆಯನ ಮನಸ್ಸು ಕಲಕಿತು. ಗುಲಾಮರನ್ನಿಟ್ಟುಕೊಳ್ಳುವುದು ತಪ್ಪೆಂದು ಒಪ್ಪಿದನು. ಹಾಗೆಂದು ಪುಕ್ಕಟೆಯಾಗಿ ಬಿಟ್ಟನೇ? ಇಲ್ಲ. 2,000 ಕಾಂಟಿನೆಂಟಲ್ ಡಾಲರುಗಳನ್ನು ದುಡಿದು ತಂದುಕೊಟ್ಟು ಬಿಡುಗಡೆ ಹೊಂದಬಹುದೆಂದನು. ಅಲೆನ್ನನು ಸೌದೆ ಕಡಿದನು. ಮೊದಮೊದಲು ಅಂಗೈಯೆಲ್ಲ ಬೊಕ್ಕೆ. ಇಟ್ಟಿಗೆ ಗೂಡಿನಲ್ಲಿ ದುಡಿದನು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಉಪ್ಪಿನ ಬಂಡಿ ಹೊಡೆದನು. 1783ರ ಹೊತ್ತಿಗೆ ಹಣ ಸಂದಾಯವಾಗಿ ಸ್ವತಂತ್ರನಾದನು.

ಮುಂದೆ ಕೆಲವು ವರ್ಷ ಊರೂರು ಅಲೆದು ಉಪದೇಶ ಮಾಡಿದನು. 1786ರಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನವರು ಅವನನ್ನು ಕರೆಸಿದರು. ಕೊಟ್ಟ ವೇಳೆ ಬೆಳಗಿನ ಐದು ಗಂಟೆ! ಆ ಹೊತ್ತಿಗೂ ಕರಿಯ ಜನ ಬಂದರು. ಬೇಗನೆ 42 ಮಂದಿಯ ಒಂದು ಕೂಟವಾಯಿತು. ಇವರಿಗೆ ತಮ್ಮದೇ ಮಂದಿರ ಬೇಕೆಂದು ಅಲೆನ್ನನಿಗೆ ಆಗಲೇ ಹೊಳೆದಿತ್ತು. ಆದರೆ ಅದನ್ನು ಒಪ್ಪಿದವರು ಮೂವರೇ. ಅವರಲ್ಲೊಬ್ಬನು ಅಬ್ಸಲಮ್ ಜೋನ್ಸ್. 1787ರ ಏಪ್ರಿಲ್ 12ರಂದು ಇವರು ಸ್ಥಾಪಿಸಿದ್ದೇ ಮೇಲೆ ಹೇಳಿದ ಸಂಘ, ಫ್ರೀ ಆಫ್ರಿಕನ್ ಸೊಸೈಟಿ. ರೋಗಿಗಳಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ ನೆರವಾಗುವುದು ಅದರ ಉದ್ದೇಶ.

ಕರಿಯರ ಸಂಖ್ಯೆ ಬೆಳೆದಂತೆ ಸೇಂಟ್ ಜಾರ್ಜ್ ಚರ್ಚಿನ ಬಿಳಿಯರಿಗೆ ಕಸಿವಿಸಿಯಾಯಿತು. ಅವರನ್ನು ಮೊದಲು ಗೋಡೆಯ ಬದಿಗೆ ಸರಿಸಿದರು. ಆಮೇಲೆ ಮೇಲಂತಸ್ತಿನ ಗ್ಯಾಲರಿಗೆ ಹತ್ತಿಸಿದರು. ಆ ಗ್ಯಾಲರಿ ಕಟ್ಟಲು ಕರಿಯರೂ ಹಣ ಕೊಟ್ಟಿದ್ದರೆಂಬುದನ್ನು ಓದುಗರು ಗಮನಿಸಬೇಕು. ಒಂದು ಭಾನುವಾರ ಅಲ್ಲಿ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಧರ್ಮದರ್ಶಿಯೊಬ್ಬನು ಬಂದು ಅಬ್ಸಲಮ್ ಜೋನ್ಸನನ್ನು ಹಿಡಿದು ಎಬ್ಬಿಸತೊಡಗಿದನು. ಅವರು ಕುಳಿತ ಜಾಗ ಅವರದಲ್ಲವಂತೆ. ಪ್ರಾರ್ಥನೆ ಮುಗಿಯುವವರೆಗೆ ತಾಳಬೇಕೆಂದು ಜೋನ್ಸ್ ಬೇಡಿಕೊಂಡರೂ ಕೇಳಲಿಲ್ಲ. ಪ್ರಾರ್ಥನೆ ಮುಗಿಯಿತು, ಕರಿಯರೆಲ್ಲರೂ ಒಟ್ಟಾಗಿ ಎದ್ದು ಹೊರನಡೆದರು. ಹಳೆಯ ಗ್ರಂಥಗಳು ಇದು 1787ರ ಸಂಗತಿಯೆನ್ನುತ್ತವೆ; ಗ್ಯಾಲರಿ ಕಟ್ಟಿದ ಕಾಲವನ್ನು ನೋಡಿ 1792ರ ಸುಮಾರೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ದೇವರ ಬಾಗಿಲಲ್ಲಿ ಇಂಥವರು ಇಲ್ಲಿಯವರೆಗೆ ಮಾತ್ರವೆಂದು ಗೆರೆ ಎಳೆಯುವುದನ್ನು ಬಲ್ಲ ನಮ್ಮ ದೇಶದವರಿಗೆ ಈ ಘಟನೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1793ರಲ್ಲಿ ಊರಿಗೆ ಹಳದಿ ಜ್ವರ ಬಡಿಯಿತು. ಐವತ್ತು ಸಾವಿರ ಜನರಿದ್ದ ಪಟ್ಟಣದಲ್ಲಿ ಸುಮಾರು 5,000 ಮಂದಿ ಸತ್ತರು. ಉಳ್ಳವರು ಊರು ಬಿಟ್ಟು ಓಡಿದರು. ಕರಿಯರಿಗೆ ಈ ಜ್ವರ ತಗಲುವುದಿಲ್ಲವೆಂದು ತಪ್ಪಾಗಿ ನಂಬಿದ್ದ ವೈದ್ಯ ಬೆಂಜಮಿನ್ ರಶ್ ಅವರ ಸಹಾಯ ಕೇಳಿದನು. ಅಲೆನ್ನನೂ ಜೋನ್ಸನೂ ಮುಂದೆ ನಿಂತು ರೋಗಿಗಳ ಶುಶ್ರೂಷೆಗೆ, ಹೆಣ ಸಾಗಿಸುವುದಕ್ಕೆ ಜನರನ್ನು ಹೊಂದಿಸಿದರು. ಕರಿಯರೂ ಸತ್ತರು; ಅಲೆನ್ನನೇ ಮಲಗಿ ಬದುಕಿದನು. ಜ್ವರ ಇಳಿದ ಮೇಲೆ ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕನು, ಕರಿಯ ದಾದಿಯರು ರೋಗಿಗಳನ್ನು ಸುಲಿದರೆಂದು ಅಚ್ಚು ಹಾಕಿಸಿದನು. ಇಬ್ಬರೂ 1794ರಲ್ಲಿ ಕಿರುಪುಸ್ತಕವೊಂದನ್ನು ಪ್ರಕಟಿಸಿ ಉತ್ತರ ಕೊಟ್ಟರು. ಬಂದ ಹಣಕ್ಕಿಂತ ಖರ್ಚಾದದ್ದೇ ಹೆಚ್ಚೆಂದು ಅದರಲ್ಲಿ ಲೆಕ್ಕ ತೋರಿಸಿದ್ದಾರೆ. ಕೂಗಾಡದೆ ಲೆಕ್ಕ ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಅದೇ 1794ರಲ್ಲಿ ಚರ್ಚು ಎದ್ದಿತು. ಹೊರನಡೆದವರಲ್ಲಿ ಹೆಚ್ಚಿನವರು ಎಪಿಸ್ಕೋಪಲ್ ಪಂಥವನ್ನು ಆರಿಸಿಕೊಂಡು, ಜೋನ್ಸನ ನಾಯಕತ್ವದಲ್ಲಿ ಸೇಂಟ್ ಥಾಮಸ್ ಚರ್ಚನ್ನು ಕಟ್ಟಿದರು. ಮೊದಲು ಆ ಗುರುಸ್ಥಾನಕ್ಕೆ ಅಲೆನ್ನನನ್ನೇ ಕೇಳಿದ್ದರು, ಅವನು ಒಲ್ಲೆನೆಂದನು. ಅವಮಾನ ಮಾಡಿದವರು ಮೆಥಡಿಸ್ಟರೇ ಆದರೂ, ಗುಲಾಮನಾಗಿದ್ದ ತನ್ನ ಬಳಿಗೆ ಮೊದಲು ಬಂದದ್ದು ಆ ಪಂಥವೇ ಎಂಬುದು ಅವನ ನಿಲುವು. ಆರನೆಯ ಬೀದಿಯಲ್ಲಿ ತಾನು ಕೊಂಡಿದ್ದ ನಿವೇಶನಕ್ಕೆ, ಹಳೆಯ ಕಮ್ಮಾರಸಾಲೆಯೊಂದನ್ನು ಕೊಂಡು, ತನ್ನ ಕುದುರೆಗಳನ್ನೇ ಹೂಡಿ ಎಳೆಸಿ ತಂದನು. ಬಡಗಿಗಳು ಅದನ್ನು ತಿದ್ದಿದರು. ಬಿಷಪ್ ಫ್ರಾನ್ಸಿಸ್ ಆಸ್ಬರಿ ಬಂದು ಪ್ರತಿಷ್ಠೆ ಮಾಡಿದನು. ಅದಕ್ಕೆ ಬೆತೆಲ್ ಎಂದು ಹೆಸರಾಯಿತು.

ಬಹುಮಂದಿ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ಹೋರಾಟ ಶುರುವಾದದ್ದೇ ಇಲ್ಲಿಂದ. 1796ರಲ್ಲಿ ಚರ್ಚನ್ನು ಕಾನೂನಿನ ಪ್ರಕಾರ ನೋಂದಾಯಿಸಲು ಪತ್ರವೊಂದಾಯಿತು. ಪತ್ರ ಬರೆದುಕೊಟ್ಟವನು ಬಿಳಿಯ ಮೆಥಡಿಸ್ಟ್ ಉಪದೇಶಕ. ಜನ ನಂಬಿ ಸಹಿ ಹಾಕಿದರು. ಸುಮಾರು ಹತ್ತು ವರ್ಷಗಳ ಮೇಲೆ, ಹೊಸದಾಗಿ ಬಂದ ಮೇಲ್ವಿಚಾರಕನು ಚರ್ಚಿನ ಬೀಗದ ಕೈಗಳನ್ನೂ ಪುಸ್ತಕಗಳನ್ನೂ ಒಪ್ಪಿಸಬೇಕೆಂದಾಗ ಸತ್ಯ ಹೊರಬಿತ್ತು: ತಮ್ಮ ಬೆವರಿನ ಕಟ್ಟಡ ಕಾಗದದ ಮೇಲೆ ಮೆಥಡಿಸ್ಟ್ ಸಮ್ಮೇಳನದ ಸ್ವತ್ತಾಗಿತ್ತು! ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಊರಿಗೆ ಹೋದಾಗಲೆಲ್ಲ ನಮ್ಮ ಕೇರಿಯ ಹಿರಿಯರು ಟ್ರಂಕಿನ ತಳದಿಂದ ಕಾಗದಗಳನ್ನು ತೆಗೆದು, ಇದರಲ್ಲಿ ಏನಿದೆ ನೋಡಪ್ಪಾ ಎಂದು ಕೈಗಿಡುತ್ತಾರೆ. ಕೆಳಗೆ ಅವರದೇ ಹೆಬ್ಬೆಟ್ಟಿನ ಗುರುತಿರುತ್ತದೆ. ಆದ್ದರಿಂದ ಬೆತೆಲ್ ಜನರ ಎದೆ ಹೇಗೆ ಧಸಕ್ಕೆಂದಿರಬೇಕೆಂದು ನಾನು ಊಹಿಸಬಲ್ಲೆ.

ಅಲೆನ್ನನು ವಕೀಲರನ್ನು ಕಂಡನು. ಸದಸ್ಯರಲ್ಲಿ ಮೂರರಲ್ಲೆರಡು ಭಾಗ ಒಪ್ಪಿದರೆ ಪತ್ರವನ್ನು ತಿದ್ದಬಹುದೆಂದು ತಿಳಿಯಿತು. 1807ರಲ್ಲಿ ತಿದ್ದಿದರು; ಆಸ್ತಿಯ ಅಧಿಕಾರ ಬೆತೆಲಿನವರ ಕೈಗೆ ಬಂದಿತು. ಸೇಂಟ್ ಜಾರ್ಜಿನವರು ಬಿಡಲಿಲ್ಲ. ಉಪದೇಶಕರನ್ನು ಕಳಿಸುವುದಕ್ಕೆ ವರ್ಷಕ್ಕೆ 600 ಡಾಲರ್ ಕೇಳಿದರು. 1815ರಲ್ಲಿ ಚರ್ಚು ಹರಾಜಿಗೆ ಬಂದಿತು. ತಾನೇ ಕಟ್ಟಿದ ಮಂದಿರವನ್ನು ಅಲೆನ್ನನು 10,125 ಡಾಲರಿಗೆ ಕೂಗಿ ಕೊಳ್ಳಬೇಕಾಯಿತು. ಚಿಮಣಿ ಗುಡಿಸುವ ಕಸುಬು, ಪಾದರಕ್ಷೆಯ ವ್ಯಾಪಾರ ಇವುಗಳಿಂದ ಅವನು ಸ್ಥಿತಿವಂತನಾಗಿರದಿದ್ದರೆ ಏನಾಗುತ್ತಿತ್ತೋ! ಆ ವರ್ಷದ ಕೊನೆಗೆ ರಾಬರ್ಟ್ ಬರ್ಚ್ ಎಂಬ ಬಿಳಿಯ ಹಿರಿಯನು ಬಲವಂತವಾಗಿ ಉಪದೇಶಕ್ಕೆ ಬಂದಾಗ, ಜನ ನಡುದಾರಿಯಲ್ಲಿ ಒತ್ತಾಗಿ ನಿಂತು ಅವನು ಪೀಠ ತಲುಪದಂತೆ ಮಾಡಿದರು. ಅವನು ನ್ಯಾಯಾಲಯಕ್ಕೆ ಹೋದನು. 1816ರ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ ಅವನ ಕೋರಿಕೆಯನ್ನು ತಳ್ಳಿಹಾಕಿತು.

ಅದೇ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ಮೊದಲಾದ ಊರುಗಳ ಕರಿಯ ಮೆಥಡಿಸ್ಟರು ಫಿಲಡೆಲ್ಫಿಯಾದಲ್ಲಿ ಸೇರಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚನ್ನು ಸ್ಥಾಪಿಸಿದರು. ಮೊದಲು ಆಯ್ಕೆಯಾದ ಡೇನಿಯಲ್ ಕೋಕರ್ ಹಿಂದೆ ಸರಿದುದರಿಂದ ಅಲೆನ್ನನು ಅದರ ಮೊದಲ ಬಿಷಪ್ ಆದನು.

ಅವನಲ್ಲಿ ಕೊರತೆಯಿರಲಿಲ್ಲವೆಂದು ನಾನು ಹೇಳಲಾರೆ. ಜರೀನಾ ಲೀ ಎಂಬಾಕೆ ಉಪದೇಶಿಸಲು ಅನುಮತಿ ಬೇಡಿದಾಗ, ಹೆಂಗಸರಿಗೆ ಆ ನಿಯಮವಿಲ್ಲವೆಂದು ತಡೆದವನು ಇವನೇ. ಕೆಲವು ವರ್ಷಗಳ ಮೇಲೆ ಆಕೆ ಬೆತೆಲಿನ ಸಭೆಯಲ್ಲೇ ಎದ್ದುನಿಂತು ಮಾತನಾಡಿದಳು. ಆಗ ಅವನು ಮನಸ್ಸು ಬದಲಿಸಿ ಎಲ್ಲರೆದುರು ಆಕೆಯ ಪರ ನಿಂತನು. ಹೆಂಡತಿ ಸಾರಾಳ ಕೆಲಸವನ್ನೂ ಮರೆಯಲಾಗದು. ಹರಕು ಬಟ್ಟೆಯಲ್ಲಿ ಬರುತ್ತಿದ್ದ ಉಪದೇಶಕರಿಗಾಗಿ ಆಕೆ ಹೆಂಗಸರನ್ನು ಕೂಡಿಸಿ ಬಟ್ಟೆ ಹೊಲಿಸಿದಳು.

1817ರಲ್ಲಿ, ಸ್ವತಂತ್ರ ಕರಿಯರನ್ನು ಆಫ್ರಿಕಕ್ಕೆ ಸಾಗಿಸುವ ಯೋಜನೆಯ ಬಗ್ಗೆ ವಿಚಾರಿಸಲು ಸುಮಾರು 3,000 ಜನ ಬೆತೆಲಿನಲ್ಲಿ ಕೂಡಿದರು. ಮುಖಂಡರಲ್ಲಿ ಕೆಲವರಿಗೆ ಆ ಯೋಜನೆಯ ಕಡೆ ಒಲವಿತ್ತು. ಜನ ಒಕ್ಕೊರಲಿನಿಂದ ಬೇಡವೆಂದರು, ಮುಖಂಡರು ತಲೆಬಾಗಿದರು. 1830ರಲ್ಲಿ ದೇಶದ ಸ್ವತಂತ್ರ ಕರಿಯರ ಮೊದಲ ಸಮ್ಮೇಳನ ಸೇರಿದ್ದೂ ಅಲ್ಲೇ, ಅಲೆನ್ನನ ಅಧ್ಯಕ್ಷತೆಯಲ್ಲಿ. 1831ರ ಮಾರ್ಚ್ 26ರಂದು ಅವನು ತೀರಿಕೊಂಡನು. ಕಮ್ಮಾರಸಾಲೆ ಹೋಗಿ ಅದೇ ನಿವೇಶನದಲ್ಲಿ ಕಟ್ಟಡದ ಮೇಲೆ ಕಟ್ಟಡ ಎದ್ದಿತು. ಈಗಿರುವ ನಾಲ್ಕನೆಯದು 1890ರ ಹೊತ್ತಿನದು. ಅದರ ನೆಲಮಾಳಿಗೆಯಲ್ಲಿ ಅಲೆನ್ನನ ಸಮಾಧಿಯೂ ಸಾರಾಳ ಸಮಾಧಿಯೂ ಇವೆ. ಆ ನೆಲ ಇಂದಿಗೂ ಆ ಸಭೆಯ ಹೆಸರಿನಲ್ಲೇ ಇದೆ.